ಬೆನ್ನೀರಿನ ಹದ

ನರಕಚತುರ್ದಶಿಯ ಹಿಂದಿನ ಸಂಜೆ ನಮ್ಮ ಸೀಮೆಯಲ್ಲಿ ನೀರು ತುಂಬುವ ಹಬ್ಬ. ವರ್ಷದ ಹಬ್ಬಗಳಲ್ಲಿ ಬಚ್ಚಲುಮನೆಯ ಪಾಲಿಗೆ ಬಂದದ್ದು ಇದೊಂದೇ ಎನ್ನಬಹುದು. ಅಂದು ತಾಮ್ರದ ಹಂಡೆಯಲ್ಲಿದ್ದ ಹಳೆಯ ನೀರನ್ನೆಲ್ಲ ಬಳಿದು ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಬಾವಿಯಿಂದ ಹೊಸನೀರು ಸೇದಿ ತುಂಬಿ, ಹಂಡೆಯ ಕೊರಳಿಗೆ ಹೂವಿನ ಸರ ಸುತ್ತಿ, ಅರಿಶಿನ ಕುಂಕುಮ ಇಟ್ಟು ಪೂಜಿಸುತ್ತಿದ್ದರು. ಮರುದಿನ ನಸುಕಿನಲ್ಲಿ ಉರಿ ಹಾಕಿ, ನೀರು ಮರಳಿದ ಮೇಲೆ ಮನೆಮಂದಿಗೆಲ್ಲ ಎಣ್ಣೆನೀರು. ಈಗ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ಯಾವ ಪೇಟೆಯಲ್ಲಿ ನೋಡಿದರೂ ಆ ಸಂಜೆ ಕೆಲವರು ಗೀಸರಿಗೆ ಕುಂಕುಮ ಇಡುವುದುಂಟು. ಇನ್ನು ಕೆಲವರು ಮಾಳಿಗೆ ಹತ್ತಿ ಸೋಲಾರ್ ತೊಟ್ಟಿಗೆ ಒಂದು ಹೂ ಸಿಕ್ಕಿಸಿ ಬರುವರು. ನಗುವ ವಿಷಯವಲ್ಲ, ಪೂಜೆ ಸರಿಯಾದ ವಸ್ತುವಿಗೇ ಸಂದಿದೆ. ಆದರೆ ಹಂಡೆಯನ್ನು ಪೂಜೆಗೆ ಮುಂಚೆ ಬರಿದುಮಾಡಿ ತೊಳೆಯುತ್ತಿದ್ದರಲ್ಲ, ಆ ಭಾಗ ಬಿಟ್ಟುಹೋಗಿದೆ. ಬಿಟ್ಟುಹೋದದ್ದರಿಂದ ಏನು ನಷ್ಟವಾಯಿತು, ನೀರು ಎಷ್ಟು ಬಿಸಿಯಾದರೆ ಸಾಕು, ಎಷ್ಟು ಬೆಚ್ಚಗಿದ್ದರೆ ಅಪಾಯ ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರೋಣ.

ಮೊದಲು ಮಾತಿನ ವಿಚಾರ. ಹಳಗನ್ನಡದಲ್ಲಿ ಬಿಸಿನೀರಿಗೆ ಬೆನ್ನೀರ್ ಎಂದು ಹೆಸರು. ತಣ್ಣಿತು ನೀರು ತಣ್ಣೀರಾದಂತೆಯೇ ಇದು. ಸೂರ್ಯನಿಗೆ ಬೆಂಗದಿರ, ಚಂದ್ರನಿಗೆ ತಂಗದಿರ ಎಂದು ಹೆಸರಿಟ್ಟದ್ದೂ ಇದೇ ಎರಡು ಮಾತುಗಳ ಬಲದಿಂದಲೇ. ತಮಿಳರಿಗೆ ಅದು ವೆನ್ನೀರ್; ಪಾವಗಡದ ಮನೆಮನೆಗಳಲ್ಲಿ ಕೇಳಿಬರುವ ತೆಲುಗಿನಲ್ಲಿ ವೇಣ್ಣೀಳ್ಳು; ತುಳುವರಿಗೆ ಬೆಂದ್ರ್. ಪುತ್ತೂರಿನ ಬಳಿ ಇರ್ದೆಯಲ್ಲಿರುವ ಬಿಸಿನೀರಿನ ಬುಗ್ಗೆಗೆ ಬೆಂದ್ರ್ ತೀರ್ಥವೆಂದೇ ಹೆಸರು. ಸ್ನಾನದ ಮಾತಿನಲ್ಲಿಯೂ ಒಂದು ಸ್ವಾರಸ್ಯವಿದೆ. ಸಂಸ್ಕೃತದ ಮಜ್ಜನವೆಂದರೆ ಮುಳುಗುವುದು. ನಾವು ಮಾತ್ರ ಮುಳುಗುವವರಲ್ಲ, ನೀರು ಎರೆದುಕೊಳ್ಳುವವರು. ಎರಡನ್ನೂ ಬಿಡಲಾರದೆ ನಮ್ಮ ಹಿಂದಿನವರು ಮಜ್ಜನಕ್ಕೆ ಎರೆಯುವುದು ಎಂದು ಒಂದು ಒಪ್ಪಂದ ಮಾಡಿಕೊಂಡರು. ಈ ಎರೆಯುವ ವಿಚಾರ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಬಿಸಿಯನ್ನು ಅಳೆಯಲು ಫ್ಯಾರನ್‌ಹೀಟ್ ಎಂಬಾತ ಪಾದರಸದ ಮಾಪಕ ಮಾಡಿದ್ದು ೧೭೧೪ರಲ್ಲಿ. ಸೆಲ್ಸಿಯಸ್ ತನ್ನ ನೂರು ಭಾಗದ ಲೆಕ್ಕ ಕೊಟ್ಟದ್ದು ೧೭೪೨ರಲ್ಲಿ. ಅದಕ್ಕೆ ಮುಂಚೆಯೂ ನಮ್ಮ ಮನೆಗಳಲ್ಲಿ ಅಳತೆ ಇದ್ದಿತು, ಅದು ಕೈಯ ಅಳತೆ. ಉಗುರುಬೆಚ್ಚಗೆ ಎಂದರೆ ಮೈಯ ಕಾವಿನಷ್ಟು, ಅಂದರೆ ೩೫ರಿಂದ ೩೮ ಡಿಗ್ರಿ. ಮೈಗೆ ಹದವಾದ ಬಿಸಿ ಎಂದರೆ ೪೦, ೪೨. ಕೈ ಇಟ್ಟರೆ ಚುರ್ ಎಂದು ಹಿಂದಕ್ಕೆ ಎಳೆದುಕೊಳ್ಳುವ ಬಿಸಿ ಎಂದರೆ ೫೫ರ ಮೇಲೆ. ಅದರಿಂದಾಚೆಗೆ ಕೊತಕೊತ ಕುದಿಯುವುದು. ಈ ಮಾತುಗಳ ಪೈಕಿ ಕೇಳಲು ಎಲ್ಲಕ್ಕಿಂತ ಹಿತವಾದದ್ದು ಉಗುರುಬೆಚ್ಚಗೆ. ಎಲ್ಲಕ್ಕಿಂತ ಅನುಮಾನಿಸಬೇಕಾದದ್ದೂ ಅದೇ ಎಂದು ಮುಂದೆ ಕಾಣುವಿರಿ.

ಈಗ ನೀರು ಎಲ್ಲಿಂದ ಬರುತ್ತಿದ್ದಿತೆಂಬ ವಿಚಾರ. ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಬಯಲುಸೀಮೆ. ಮಳೆ ಕಡಿಮೆ, ಬಂಡೆ ಹೆಚ್ಚು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳ ನೆಲದಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಿನಾಕಿನಿಯೇ ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಬದಿಯಲ್ಲಿ ಹಾಯುತ್ತದೆ. ವರ್ಷದಲ್ಲಿ ಬಹುಕಾಲ ಇವೆರಡೂ ಮರಳಿನ ಹೊಳೆಗಳೇ. ಆದರೆ ಆ ಮರಳಿನ ಕೆಳಗೆ ನೀರಿದ್ದಿತು. ನದಿಯ ಅಂಚಿನಲ್ಲಿಯೂ ಕೆರೆಯ ಹಿಂದೆ ಮುಂದೆಯೂ ಸಡಿಲ ನೆಲ ಸಿಕ್ಕಿದ ಕಡೆಗಳಲ್ಲಿ ಅಗೆದು ಊಟೆಯನ್ನು ಹೊರಡಿಸಿ, ಕಾಲುವೆ ತೋಡಿ, ಆ ನೀರನ್ನು ಸೇದುವ ಕಷ್ಟವಿಲ್ಲದೆ ತಾನಾಗಿ ಹರಿಯುವಂತೆ ಮಾಡುತ್ತಿದ್ದರು. ಇದಕ್ಕೆ ತಲಪರಿಗೆ ಎಂದು ಹೆಸರು. ಬಿ. ಎಲ್. ರೈಸ್ ಸಾಹೇಬರು ೧೮೯೭ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರಿನಲ್ಲಿ ತುಮಕೂರು ಜಿಲ್ಲೆಯ ಈಶಾನ್ಯ ಭಾಗದ ವಿಶೇಷವೆಂದು ತಲಪರಿಗೆಗಳನ್ನು ಎತ್ತಿ ಹೇಳಿದ್ದಾರೆ. ಪಾವಗಡದ ಉದ್ದಕ್ಕೂ, ಮಧುಗಿರಿ, ಕೊರಟಗೆರೆ, ಸಿರಾಗಳ ಕೆಲವು ಭಾಗಗಳಲ್ಲಿಯೂ ಅವು ಇದ್ದವು.

ತಲಪರಿಗೆಯ ನೀರಾಗಲಿ, ಕಪಿಲೆ ಬಾವಿಯ ನೀರಾಗಲಿ ನಮ್ಮ ನಾಡಿನಲ್ಲಿ ನಿಜವಾಗಿ ತಣ್ಣಗಿರುವುದಿಲ್ಲ ಎಂಬುದನ್ನು ಗಮನಿಸಬೇಕು. ನೆಲದೊಳಗಿನ ನೀರು ಆಯಾ ಪ್ರದೇಶದ ವರ್ಷದ ಸರಾಸರಿ ಕಾವನ್ನೇ ಹೊಂದಿರುತ್ತದೆ. ಇಲ್ಲಿ ಅದು ೨೫ ಡಿಗ್ರಿಯ ಆಸುಪಾಸು. ಮುಟ್ಟಿದರೆ ತಂಪೆನಿಸುವುದು ಬಿಸಿಲಿನಲ್ಲಿ ನಡೆದುಬಂದವರ ಕೈಗೆ. ಆ ನೀರನ್ನು ಕಾಪಾಡುತ್ತಿದ್ದುದು ಅದರ ತಂಪಲ್ಲ, ಅದರ ಹೊಸತನ. ಊಟೆಯಿಂದ ಬಂದದ್ದು ಹರಿದುಹೋಗುತ್ತಿದ್ದಿತು. ಬಾವಿಯಿಂದ ಸೇದಿದ್ದು ಅಂದೇ ಮುಗಿಯುತ್ತಿದ್ದಿತು. ತೋಡಿದ ನೀರು, ಸೇದಿದ ನೀರು ಎಂಬ ಮಾತುಗಳಿದ್ದ ಕಾಲದಲ್ಲಿ ನಿಂತ ನೀರು ಎಂಬುದು ಬೈಗುಳಕ್ಕೆ ಸಮೀಪವಾದ ಮಾತಾಗಿದ್ದಿತು.

ಇನ್ನು ಬಚ್ಚಲಿಗೆ ಬರೋಣ. ಮೂಲೆಯಲ್ಲಿ ಮಣ್ಣಿನ ಒಲೆ, ಅದಕ್ಕೆ ಕೂಡಿಸಿದ ಹಂಡೆ, ಪಕ್ಕದಲ್ಲಿ ತಣ್ಣೀರಿನ ಕಲ್ಲುತೊಟ್ಟಿ ಅಥವಾ ಬಾನಿ. ಉರಿಗೆ ಜಾಲಿಯ ಕೊರಡು, ತೆಂಗಿನ ಮಟ್ಟೆ, ಕರಟ. ಕಡಲೇಕಾಯಿ ಬೆಳೆಯುವ ಪಾವಗಡ, ಸಿರಾ ಕಡೆಗಳಲ್ಲಿ ಅದರ ಸಿಪ್ಪೆ. ರಾತ್ರಿಯೇ ಹಂಡೆ ತುಂಬಿಡುವರು. ಒಲೆಯಲ್ಲಿ ಉಳಿದ ಕೆಂಡದ ಕಾವಿಗೆ ಬೆಳಗಾಗುವುದರೊಳಗೆ ನೀರು ಉಗುರುಬೆಚ್ಚಗಾಗಿರುವುದು. ಅಷ್ಟಕ್ಕೇ ಸ್ನಾನ ಮಾಡಿದವರು ಯಾರೂ ಇಲ್ಲ. ನಸುಕಿನಲ್ಲಿ ಮತ್ತೆ ಉರಿ ಹಾಕಿ, ಹಂಡೆಯ ಬಾಯಲ್ಲಿ ಆವಿ ಆಡಿದ ಮೇಲೆಯೇ ಮೊದಲ ತಂಬಿಗೆ. ಬಕೆಟ್ಟಿನ ಕಾಲ ಬಂದ ಮೇಲೂ ಕ್ರಮ ಅದೇ. ಅಜ್ಜಿಯರು ಬಚ್ಚಲ ಬಾಗಿಲಿಂದಲೇ ಕೂಗುತ್ತಿದ್ದರು: “ಮೊದಲು ತಣ್ಣೀರು ಹಾಕ್ಕೊಳೋ ಮಗಾ, ಬಿಸಿನೀರು ಆಮೇಲೆ!” ಮೊದಲು ಬಿಸಿ ಹಾಕಿಕೊಂಡರೆ ಮರೆತು ಕೈ ಅದ್ದಿಬಿಡಬಹುದೆಂಬ ಭಯ ಅವರಿಗೆ. ಸುಡುವಷ್ಟು ಕಾಯಿಸುವುದು ಒಂದು ಕಡೆ, ಹದ ಮಾಡಿಕೊಳ್ಳುವುದು ಇನ್ನೊಂದು ಕಡೆ. ಇದು ನಮ್ಮ ಬಚ್ಚಲಿನ ಶಾಸ್ತ್ರ.

ವೈದ್ಯಶಾಸ್ತ್ರದ ಗ್ರಂಥಗಳಲ್ಲಿಯೂ ಇದಕ್ಕೆ ಹೊಂದುವ ವಿಚಾರಗಳಿವೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಕೊರಳಿನಿಂದ ಕೆಳಗಿನ ಮೈಗೆ ಬಿಸಿನೀರು ಬಲಕರವೆಂದೂ, ಅದನ್ನೇ ತಲೆಗೆ ಎರೆದುಕೊಂಡರೆ ಕೂದಲಿಗೂ ಕಣ್ಣಿಗೂ ಕೇಡೆಂದೂ ಹೇಳಿದೆ. ಕುಡಿಯುವ ನೀರಿನ ವಿಷಯದಲ್ಲಿ ಅದೇ ಗ್ರಂಥ ಇನ್ನೊಂದು ಮಾತು ಹೇಳುತ್ತದೆ: ಕುದಿಸಿ ಆರಿಸಿದ ನೀರು ಹಗುರವಾದದ್ದು, ಅದೇ ನೀರು ಒಂದು ರಾತ್ರಿ ತಂಗಿತೋ, ಮೂರು ದೋಷಗಳನ್ನೂ ಕೆರಳಿಸುತ್ತದೆ. ತಂಗಳನ್ನಕ್ಕೆ ಇರುವ ಮರ್ಯಾದೆಯೂ ತಂಗಳು ಬಿಸಿನೀರಿಗೆ ಇಲ್ಲ. ವಾಗ್ಭಟನಿಗೆ ರೋಗಾಣುಗಳ ವಿಷಯ ತಿಳಿದಿತ್ತೆಂದು ನಾನು ವಾದಿಸುವುದಿಲ್ಲ. ಹಾಗೆ ವಾದಿಸುವ ಪಂಡಿತರನ್ನು ಕಂಡರೆ ನನಗೆ ಸ್ವಲ್ಪ ದೂರ ಕೂರಬೇಕೆನಿಸುತ್ತದೆ. ಕಂಡದ್ದನ್ನು ಬರೆದಿಟ್ಟರು, ಅಷ್ಟೆ. ಹಂಡೆಯ ತಾಮ್ರದ ವಿಷಯವೂ ಹಾಗೆಯೇ. ತಾಮ್ರದ ಸೋಂಕು ತಗುಲಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಸಾಯುವುದನ್ನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ನೇಗೆಲಿ ತೋರಿಸಿದ್ದು ೧೮೯೩ರಲ್ಲಿ ಪ್ರಕಟವಾಯಿತು. ನಮ್ಮವರು ತಾಮ್ರವನ್ನು ಆರಿಸಿಕೊಂಡದ್ದು ಅದು ಬೇಗ ಕಾಯುತ್ತದೆ, ಬಹುಕಾಲ ಬಾಳುತ್ತದೆ ಎಂಬ ಕಾರಣಕ್ಕೆ ಇದ್ದರೂ ಇರಬಹುದು.

ಹಂಡೆಯನ್ನು ಹೊಗಳುವುದು ಇಲ್ಲಿಗೆ ಸಾಕು. ಅದರ ಉರಿಗಾಗಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಮನೆಯ ಹೆಂಗಸರು. ಹಸಿ ಸೌದೆಯ ಹೊಗೆಗೆ ಕಣ್ಣು ಕೆಂಪಾದದ್ದು ಅವರದು. ಒಲೆಯ ಬಳಿ ಆಡುತ್ತ ಬಂದು ಕುದಿನೀರು ಚೆಲ್ಲಿಕೊಂಡ ಮಕ್ಕಳ ಮೈಮೇಲಿನ ಕಲೆಗಳನ್ನು ನನ್ನ ವಯಸ್ಸಿನವರು ನೋಡಿದ್ದೇವೆ. ಸೌದೆಯ ಖರ್ಚೂ ಅಲ್ಪವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಅದರ ಗುರಿ. ಅವರು ಕೆಲಸಕ್ಕೆ ಆರಿಸಿಕೊಂಡದ್ದು ನಮ್ಮ ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರವನ್ನು. ಹಳ್ಳಿಯ ಸೌದೆ ಯಾವುದಕ್ಕೆ ಎಷ್ಟು ಹೋಗುತ್ತದೆಂದು ಲೆಕ್ಕ ಹಾಕಿದಾಗ ಅಡಿಗೆಯ ಜೊತೆಗೆ ಸ್ನಾನದ ನೀರೂ ಎದ್ದು ಕಂಡಿತು. ಅಡಿಗೆಗಾಗಿ ಅವರು ರೂಪಿಸಿದ ಅಸ್ತ್ರ ಒಲೆ ಹೆಸರುವಾಸಿಯಾಯಿತು. ಸ್ನಾನದ ನೀರಿಗೆಂದು ಅವರೇ ರೂಪಿಸಿದ ಒಲೆಯ ಮಾತನ್ನು ಪೇಟೆಯವರು ಅಷ್ಟಾಗಿ ಕೇಳಿರಲಾರರು.

ಕೊಳವೆಯಲ್ಲಿ ಬಿಸಿನೀರು ಹರಿಯುವುದು ಕರ್ನಾಟಕಕ್ಕೆ ತೀರ ಹೊಸದೇನೂ ಅಲ್ಲ. ಬೀದರ್ ಕೋಟೆಯೊಳಗಿನ ವಸ್ತುಸಂಗ್ರಹಾಲಯ ಈಗ ಇರುವುದೇ ಒಂದು ಕಾಲದ ಶಾಹಿ ಹಮಾಮಿನಲ್ಲಿ. ೧೬೮೭ರಿಂದ ಮೊಗಲರ ಸುಬೆಯ ರಾಜಧಾನಿಯಾಗಿದ್ದ ನಮ್ಮ ಸಿರೆಯಲ್ಲಿ ಸುಬೇದಾರರು ಯಾವ ನೀರು ಮೀಯುತ್ತಿದ್ದರೋ, ಅವರ ಅರಮನೆಯೊಡನೆ ಆ ಸುದ್ದಿಯೂ ಹೋಯಿತು. ಹಮಾಮು ಎಂಬ ಮಾತು ಸಾಮಾನ್ಯರ ಪಾಲಿಗೆ ಉಳಿದಿರುವುದು ಸಾಬೂನಿನ ಮೇಲೆ ಮಾತ್ರ. ಆ ಅರಸು ಸ್ನಾನಗೃಹಗಳಲ್ಲಿಯೂ ಕೆಳಗೆ ಕುಲುಮೆ ಉರಿಯುತ್ತಿದ್ದಿತು, ಬಿಸಿ ಮತ್ತು ತಣ್ಣನೆಯ ನೀರಿಗೆ ಬೇರೆ ಬೇರೆ ದಾರಿಗಳಿದ್ದವು ಎಂಬಷ್ಟು ಹೇಳಿ ಮುಂದೆ ಹೋಗೋಣ.

ನಮ್ಮ ಪೇಟೆಗಳಲ್ಲಿ ಎಲ್ಲವೂ ಬದಲಾದದ್ದು ಒಬ್ಬ ಮನುಷ್ಯನ ಆಯುಸ್ಸಿನೊಳಗೆ. ೧೯೭೦ರ ದಶಕದಿಂದ ಈಚೆಗೆ ಕೊಳವೆಬಾವಿಗಳು ಬಂದವು. ಅವು ಆಳಕ್ಕೆ ಇಳಿದಷ್ಟೂ ತಲಪರಿಗೆಗಳು ಬತ್ತಿದವು. ಬತ್ತಿದವನ್ನು ಕೆಲವು ಉತ್ಸಾಹಿಗಳು ಈಚೆಗೆ ಹೂಳು ತೆಗೆದು ಮತ್ತೆ ಜೀವ ತುಂಬಲು ದುಡಿಯುತ್ತಿದ್ದಾರೆ, ಅದು ಸಂತೋಷದ ಸಂಗತಿ. ನಲ್ಲಿಯಲ್ಲಿ ನೀರು ಬಿಡುವುದು ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಆದಾಗ ಪ್ರತಿ ಮನೆಯೂ ನೆಲದಡಿಯಲ್ಲಿ ಒಂದು ಸಂಪು, ಮಾಳಿಗೆಯ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ತೊಟ್ಟಿ ಕಟ್ಟಿಕೊಂಡಿತು. ಸೇದಿದ ನೀರು ಹೋಗಿ ಶೇಖರಿಸಿದ ನೀರು ಬಂದಿತು. ಬಚ್ಚಲ ಒಲೆ ಆರಿ ಗೀಸರ್ ಬಂದಿತು. ೧೯೯೦ರ ದಶಕದಿಂದ ಮಾಳಿಗೆಗಳ ಮೇಲೆ ಸೋಲಾರ್ ಹಲಗೆಗಳು ಕಾಣತೊಡಗಿದವು. ೨೦೦೭ರಲ್ಲಿ ಕರ್ನಾಟಕ ಸರ್ಕಾರ ಹಲವು ಬಗೆಯ ಕಟ್ಟಡಗಳಿಗೆ ಸೌರಶಕ್ತಿಯ ನೀರೊಲೆಯನ್ನು ಕಡ್ಡಾಯವೆಂದು ಆಜ್ಞೆ ಹೊರಡಿಸಿತು. ಬಿಸಿಲಿಗೆ ಇಲ್ಲಿ ಬರವೆ? ೨೦೧೮ರಲ್ಲಿ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕೇ ಎದ್ದಿತು. ಬೆಂಗದಿರನೇ ಬೆನ್ನೀರು ಕಾಯಿಸಿಕೊಡುವ ಕಾಲ. ಹೊಗೆಯಿಲ್ಲ, ಸೌದೆಯಿಲ್ಲ, ನಸುಕಿನಲ್ಲಿ ಏಳುವ ಕಷ್ಟವಿಲ್ಲ. ಇದರಲ್ಲಿ ದೋಷವೆಲ್ಲಿ ಬಂದಿತು?

ಅದನ್ನು ತಿಳಿಯಲು ಬಹುದೂರದ ಊರೊಂದಕ್ಕೆ ಹೋಗಬೇಕು. ೧೯೭೬ರ ಜುಲೈ ತಿಂಗಳಲ್ಲಿ, ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸುತ್ತಿದ್ದಾಗ, ಫಿಲಡೆಲ್ಫಿಯ ನಗರದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಎಂಬ ದೊಡ್ಡ ಹೋಟೆಲಿನಲ್ಲಿ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ನಿನ ಸಮಾವೇಶ ಸೇರಿತ್ತು. ಸಭೆ ಮುಗಿಸಿ ಮನೆಗೆ ಹೋದವರಿಗೆ ಒಬ್ಬೊಬ್ಬರಾಗಿ ಜ್ವರ, ಕೆಮ್ಮು, ಉಸಿರಾಟದ ಸಂಕಟ. ಸಭೆಗೆ ಬಂದವರೂ ಹೋಟೆಲಿನ ಹತ್ತಿರ ಸುಳಿದವರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ೩೪ ಮಂದಿ ಸತ್ತರು. ಊಟದಲ್ಲಿ ವಿಷವಿತ್ತೆ, ಯಾರಾದರೂ ಶತ್ರುಗಳ ಕೈವಾಡವೆ ಎಂದು ಆರು ತಿಂಗಳು ದೇಶವೆಲ್ಲ ತಲೆ ಕೆಡಿಸಿಕೊಂಡಿತು. ೧೯೭೭ರ ಜನವರಿಯಲ್ಲಿ ಜೋಸೆಫ್ ಮೆಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ಎಂಬ ವಿಜ್ಞಾನಿಗಳು ಕಾರಣವನ್ನು ಹೊರಗೆಡಹಿದರು. ಅದುವರೆಗೆ ಹೆಸರಿಲ್ಲದ ಒಂದು ಬ್ಯಾಕ್ಟೀರಿಯ. ಸತ್ತವರ ಸಂಘದ ಹೆಸರನ್ನೇ ಅದಕ್ಕೆ ಇಟ್ಟು ಲೀಜಿಯೊನೆಲ್ಲಾ ಎಂದು ಕರೆದರು. ಅಂದು ಸಂದೇಹ ಬಿದ್ದದ್ದು ಹೋಟೆಲಿನ ತಂಪು ಯಂತ್ರದ ನೀರಿನ ಮೇಲೆ. ೧೯೮೦ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ವೈದ್ಯರು ಮೂತ್ರಪಿಂಡ ಬದಲಾಯಿಸಿಕೊಂಡ ರೋಗಿಗಳಿಗೆ ಇದೇ ಕಾಯಿಲೆ ಬಂದಾಗ ಹುಡುಕುತ್ತ ಹೋಗಿ, ಆಸ್ಪತ್ರೆಯ ಸ್ನಾನದ ಷವರಿನಲ್ಲಿಯೇ ಆ ಜೀವಿಯನ್ನು ಹಿಡಿದರು. ಅಲ್ಲಿಂದ ಬಿಸಿನೀರಿನ ಕೊಳವೆಗಳ ಕಡೆಗೆ ಜಗತ್ತಿನ ಕಣ್ಣು ಹೊರಳಿತು.

ಈ ಜೀವಿ ಹೊಸದಾಗಿ ಹುಟ್ಟಿದ್ದಲ್ಲ. ಕೆರೆ, ಹೊಳೆ, ಒದ್ದೆ ಮಣ್ಣು, ಎಲ್ಲ ಕಡೆಯೂ ಅಲ್ಪಸ್ವಲ್ಪ ಇದ್ದೇ ಇದೆ. ಅಮೀಬಗಳು ಇದನ್ನು ನುಂಗಿದರೆ ಸಾಯದೆ, ಅವುಗಳ ಹೊಟ್ಟೆಯೊಳಗೇ ಬೆಳೆಯುತ್ತದೆಂದು ಇಂಗ್ಲೆಂಡಿನ ರೋಬಾಟಂ ಎಂಬಾತ ೧೯೮೦ರಲ್ಲಿ ತೋರಿಸಿದ. ಕೊಳವೆಯ ಒಳಮೈಗೆ ಅಂಟುವ ಲೋಳೆಯ ಪದರ ಅದಕ್ಕೆ ಗೂಡು. ಆದರೆ ಅದು ದಂಡಾಗಿ ಬೆಳೆಯಬೇಕಾದರೆ ಎರಡು ಅನುಕೂಲಗಳು ಬೇಕು: ನೀರು ನಿಂತಿರಬೇಕು, ಬೆಚ್ಚಗಿರಬೇಕು. ೨೦ ಡಿಗ್ರಿಗಿಂತ ಕೆಳಗೆ ಅದು ನಿದ್ದೆಯಲ್ಲಿರುವಂತೆ ಇರುತ್ತದೆ. ೨೦ರಿಂದ ೪೫ರವರೆಗೆ ಬೆಳೆಯುತ್ತದೆ. ೩೫ರ ಸುಮಾರಿನಲ್ಲಿ, ಎಂದರೆ ನಮ್ಮ ಉಗುರುಬೆಚ್ಚಗಿನ ನೀರಿನಲ್ಲಿ, ಹಬ್ಬ ಮಾಡುತ್ತದೆ. ೫೦ಕ್ಕೆ ಬಂದರೆ ಬೆಳವಣಿಗೆ ನಿಂತು ಸಾಯತೊಡಗುತ್ತದೆ, ಆದರೆ ನಿಧಾನವಾಗಿ. ಹತ್ತರಲ್ಲಿ ಒಂಬತ್ತು ಪಾಲು ಸಾಯಲು ಒಂದೂವರೆ ಎರಡು ಗಂಟೆ ಬೇಕು. ೬೦ರಲ್ಲಿ ಅಷ್ಟೇ ಕೆಲಸಕ್ಕೆ ೨ ನಿಮಿಷ ಸಾಕು. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯೂ ಇಂಗ್ಲೆಂಡ್ ಮುಂತಾದ ದೇಶಗಳ ನಿಯಮಗಳೂ ಹೇಳುವುದು ಇಷ್ಟು: ಬಿಸಿನೀರಿನ ತೊಟ್ಟಿಯಲ್ಲಿ ೬೦ ಡಿಗ್ರಿಗೆ ಕಡಿಮೆಯಾಗದಂತೆ ಇಡಿ, ನಲ್ಲಿಯ ಬಾಯಲ್ಲಿ ೫೦ಕ್ಕೆ ಇಳಿಯದಿರಲಿ, ತಣ್ಣೀರು ೨೦ನ್ನು ಮೀರದಿರಲಿ.

ಇದು ಹರಡುವ ಬಗೆಯನ್ನೂ ತಿಳಿದಿರಬೇಕು. ಕುಡಿದುದರಿಂದ ಸಾಮಾನ್ಯವಾಗಿ ಬಾರದು. ರೋಗಿಯನ್ನು ಮುಟ್ಟಿದುದರಿಂದಲೂ ಬಾರದು. ನೀರು ಸಿಡಿದು ತುಂತುರಾಗಿ, ಮಂಜಾಗಿ ಗಾಳಿಯಲ್ಲಿ ಸೇರಿ, ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದಾಗ ಬರುತ್ತದೆ. ಷವರಿನ ಕೆಳಗೆ ನಿಂತವನಿಗೆ ಆ ತುಂತುರು ಹೆಚ್ಚು. ತಂಬಿಗೆಯಿಂದ ಎರೆದುಕೊಂಡವನಿಗೆ ಕಡಿಮೆ. ಗಟ್ಟಿಮುಟ್ಟಾದ ಯುವಕರಿಗೆ ಭಯ ಸ್ವಲ್ಪ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ದೊಡ್ಡ ಶಸ್ತ್ರಚಿಕಿತ್ಸೆಯಾದವರು ಎಚ್ಚರದಿಂದಿರಬೇಕು. ನಮ್ಮಲ್ಲಿ ನ್ಯೂಮೋನಿಯ ಎಂದು ಆಸ್ಪತ್ರೆ ಸೇರಿದವರಲ್ಲಿ ಈ ಜೀವಿಯನ್ನೇ ಹುಡುಕುವ ಪರೀಕ್ಷೆ ನಡೆಯುವುದು ಅಪರೂಪ. ಹುಡುಕದಿದ್ದದ್ದು ಕಾಣಲಿಲ್ಲವೆಂದು ಸಮಾಧಾನಪಡುವಂತಿಲ್ಲ.

ಹಾಗಾದರೆ ಎಲ್ಲರೂ ೬೦ಕ್ಕೆ ಕಾಯಿಸಿದರೆ ಮುಗಿಯಿತಲ್ಲ ಎನ್ನಬಹುದು. ಅಷ್ಟು ಸುಲಭವಾಗಿದ್ದರೆ ಇದು ಇತಿಹಾಸವಾಗುತ್ತಿರಲಿಲ್ಲ. ೧೯೪೭ರಲ್ಲಿಯೇ ಅಮೆರಿಕದ ಮೊರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಚರ್ಮ ಸುಡುತ್ತದೆಂದು ಪರೀಕ್ಷಿಸಿದ್ದರು. ೬೦ ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ೫ ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ; ಮಕ್ಕಳಿಗೆ ಇನ್ನೂ ಬೇಗ. ೪೯ ಡಿಗ್ರಿಯಾದರೆ ಹಲವು ನಿಮಿಷ ಹಿಡಿಯುತ್ತದೆ. ೧೯೭೩ರ ತೈಲದ ಬಿಕ್ಕಟ್ಟು ಬಂದಾಗ ಇಂಧನ ಉಳಿಸಿರೆಂಬ ಕೂಗೂ ಸೇರಿತು. ಮಕ್ಕಳು ಸುಟ್ಟುಕೊಳ್ಳದಿರಲಿ, ಇಂಧನವೂ ಉಳಿಯಲಿ ಎಂದು ಅಮೆರಿಕದಲ್ಲಿ ಮನೆಯ ನೀರೊಲೆಗಳನ್ನು ೪೯ಕ್ಕೆ ಇಳಿಸುವ ಸಲಹೆ ಹಬ್ಬಿತು. ೧೯೮೩ರಲ್ಲಿ ವಾಷಿಂಗ್ಟನ್ ಸಂಸ್ಥಾನ ಹೊಸ ನೀರೊಲೆಗಳಿಗೆ ಅದನ್ನು ಕಾನೂನೇ ಮಾಡಿತು. ಎರಡೂ ಕಡೆಯವರ ಮಾತೂ ಸತ್ಯ. ಒಬ್ಬರು ಸುಡುವ ನೀರಿನಿಂದ ಮಗುವನ್ನು ಉಳಿಸಲು ಹೊರಟವರು, ಇನ್ನೊಬ್ಬರು ಬೆಚ್ಚಗಿನ ನೀರಿನಿಂದ ಅಜ್ಜನನ್ನು ಉಳಿಸಲು ಹೊರಟವರು.

ಇಂಜಿನಿಯರುಗಳು ಕೊನೆಗೆ ಕಂಡುಕೊಂಡ ದಾರಿ ಏನು ಗೊತ್ತೆ? ತೊಟ್ಟಿಯಲ್ಲಿ ಸುಡುವಷ್ಟು ಬಿಸಿ ಇರಲಿ. ನಲ್ಲಿಯ ಹತ್ತಿರ, ಮೈಗೆ ಸೋಕುವ ಮುಂಚೆ, ಒಂದು ಕವಾಟದಲ್ಲಿ ತಣ್ಣೀರನ್ನು ಬೆರೆಸಿ ೪೦ರ ಹದಕ್ಕೆ ತನ್ನಿ. ಬೆರಕೆಯ ಕವಾಟವೆಂದು ಅದಕ್ಕೆ ಬೆಲೆಬಾಳುವ ಒಂದು ಉಪಕರಣವೇ ಇದೆ. ನಮ್ಮ ಬಚ್ಚಲಿನಲ್ಲಿ ಆ ಕವಾಟದ ಕೆಲಸ ಮಾಡುತ್ತಿದ್ದುದು ತಂಬಿಗೆ. ಲೆಕ್ಕವನ್ನೂ ನೋಡಿ: ೬೦ ಡಿಗ್ರಿಯ ನೀರು ಒಂದು ಪಾಲು, ೨೫ ಡಿಗ್ರಿಯ ಬಾವಿಯ ನೀರು ಒಂದು ಪಾಲು ಬೆರೆಸಿದರೆ ಬರುವುದು ಸುಮಾರು ೪೨. ಮೈಗೆ ಹದವಾದ ಬಿಸಿ ಎಂದು ಮೊದಲೇ ಹೇಳಿದೆನಲ್ಲ, ಅದೇ.

ವಿದೇಶದ ನಿಯಮವನ್ನು ಹಾಗೆಯೇ ತಂದು ನಮ್ಮ ಊರುಗಳಿಗೆ ಹೊದಿಸಲು ಬರುವುದಿಲ್ಲವೆಂಬುದು ಇಲ್ಲಿಯ ಮುಖ್ಯ ಸಂಗತಿ. ತಣ್ಣೀರು ೨೦ನ್ನು ಮೀರದಿರಲಿ ಎಂಬ ನಿಯಮ ಲಂಡನ್ನಿಗೆ ಸರಿ; ಪಾವಗಡದಲ್ಲಿ ಅಂಥ ತಣ್ಣೀರು ಬಾವಿಯಲ್ಲಿಯೂ ಸಿಗದು. ಏಪ್ರಿಲ್ ತಿಂಗಳಲ್ಲಿ ಮಾಳಿಗೆಯ ಮೇಲಿನ ಕಪ್ಪು ತೊಟ್ಟಿಯ ನೀರನ್ನು ಮಧ್ಯಾಹ್ನ ಮುಟ್ಟಿ ನೋಡಿದವರಿಗೆ ಗೊತ್ತು, ತಣ್ಣೀರಿನ ನಲ್ಲಿಯಲ್ಲಿಯೇ ಉಗುರುಬೆಚ್ಚಗಿನ ನೀರು ಬರುತ್ತದೆ. ನಮಗೆ ತಂಪಿನ ಕಾವಲು ಎಂದೂ ಇರಲಿಲ್ಲ. ಹರಿವಿನ ಕಾವಲು ಒಂದು, ಉರಿಯ ಕಾವಲು ಒಂದು ಇದ್ದವು. ತಲಪರಿಗೆ ಬತ್ತಿ ತೊಟ್ಟಿ ಬಂದಾಗ ಮೊದಲನೆಯದು ಹ��ಯಿತು. ಬಚ್ಚಲ ಒಲೆ ಆರಿದಾಗ ಎರಡನೆಯದು ಹೋಯಿತೆ ಎಂಬುದು ನಾವು ಗೀಸರನ್ನೂ ಸೋಲಾರನ್ನೂ ಹೇಗೆ ಬಳಸುತ್ತೇವೆಂಬುದರ ಮೇಲೆ ನಿಂತಿದೆ.

ಸೋಲಾರ್ ತೊಟ್ಟಿಯ ನೀರು ಒಳ್ಳೆಯ ಬಿಸಿಲಿನ ದಿನ ೬೦ನ್ನು ಮುಟ್ಟುತ್ತದೆ, ಎಷ್ಟೋ ದಿನ ದಾಟುತ್ತದೆ. ಕಷ್ಟ ಬರುವುದು ಆಷಾಢದ ಮೋಡದಲ್ಲಿ, ಕಾರ್ತಿಕದ ಜಡಿಯಲ್ಲಿ. ಮೂರು ದಿನ ಸೂರ್ಯ ಮುಖ ತೋರದಿದ್ದರೆ ತೊಟ್ಟಿಯಲ್ಲಿ ಉಳಿಯುವುದು ಮೂವತ್ತರ ಮೇಲಿನ, ನಲವತ್ತರ ಒಳಗಿನ ನೀರು. “ಬಿಸಿ ಇಲ್ಲದಿದ್ದರೂ ಬೆಚ್ಚಗಿದೆ, ನಡೆಯುತ್ತೆ” ಎಂದು ಸ್ನಾನ ಮಾಡಿ ಬರುವರು. ಹಿಂದೆ ಕೆಂಡದ ಕಾವಿನಲ್ಲಿ ರಾತ್ರಿಯೆಲ್ಲ ಬೆಚ್ಚಗಾದ ಹಂಡೆಗೂ ಇದಕ್ಕೂ ಏನೂ ಭೇದವಿಲ್ಲ. ಭೇದವಿರುವುದು ನಸುಕಿನ ಉರಿಯಲ್ಲಿ. ಅಂದು ಮತ್ತೆ ಉರಿ ಹಾಕುತ್ತಿದ್ದರು, ಇಂದು ಹಾಕುವುದಿಲ್ಲ. ಎಷ್ಟೋ ಸೋಲಾರ್ ತೊಟ್ಟಿಗಳಲ್ಲಿ ವಿದ್ಯುತ್ತಿನ ಕಾಯಿಸುವ ಕಡ್ಡಿಯೊಂದನ್ನು ಇದಕ್ಕಾಗಿಯೇ ಇಟ್ಟಿರುತ್ತಾರೆ. ಬಿಲ್ಲಿನ ಭಯದಿಂದ ಅದರ ಗುಂಡಿಯನ್ನು ಒತ್ತುವವರು ವಿರಳ. ೨೫ ಲೀಟರಿನ ಗೀಸರಿನ ನೀರನ್ನು ೨೫ರಿಂದ ೬೦ಕ್ಕೆ ಏರಿಸಲು ಬೇಕಾಗುವುದು ಸುಮಾರು ಒಂದು ಯೂನಿಟ್ ವಿದ್ಯುತ್ತು. ೧೦೦ ಲೀಟರಿನ ತೊಟ್ಟಿಗೆ ನಾಲ್ಕು ಯೂನಿಟ್. ತೊಟ್ಟಿ ಆಗಲೇ ನಲವತ್ತರಲ್ಲಿದ್ದರೆ ಎರಡೂವರೆಗಿಂತ ಕಡಿಮೆ ಸಾಕು. ಅದೂ ದಿನವಹಿ ಅಲ್ಲ, ಮೋಡದ ದಿನಗಳಲ್ಲಿ ಮಾತ್ರ.

ನಮ್ಮ ಸೀಮೆಗೆ ಇನ್ನೊಂದು ಪೀಡೆಯಿದೆ, ಕೊಳವೆಬಾವಿಯ ಗಡಸು ನೀರು. ಕಾಯಿಸಿದಾಗ ಅದರಲ್ಲಿನ ಸುಣ್ಣದ ಅಂಶ ಬೇರ್ಪಟ್ಟು ಗೀಸರಿನ ಕಡ್ಡಿಗೂ ತೊಟ್ಟಿಯ ಗೋಡೆಗೂ ಕೊಳವೆಗೂ ಗಾರೆಯಂತೆ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಬಿಸಿ ನೀರಿಗೆ ದಾಟುವುದು ಕಡಿಮೆ, ವಿದ್ಯುತ್ತಿನ ಖರ್ಚು ಹೆಚ್ಚು. ಅದರ ಸಂದುಗೊಂದುಗಳಲ್ಲಿ ಲೋಳೆಯೂ ಅದರೊಳಗಿನ ಜೀವಿಗಳೂ ನೆಲೆಯೂರುತ್ತವೆ. ಇಲ್ಲಿ ಒಂದು ಇಕ್ಕಟ್ಟನ್ನು ಮುಚ್ಚಿಡದೆ ಹೇಳಬೇಕು. ನೀರು ಹೆಚ್ಚು ಬಿಸಿಯಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ. ಆದುದರಿಂದಲೇ ರಿಪೇರಿಗೆ ಬಂದವರು “ಸಾರ್, ಇದನ್ನ ಕಡಿಮೆಗೆ ಇಟ್ಕೊಳ್ಳಿ, ಕಾಯಿಲ್ ಬಾಳಿಕೆ ಬರುತ್ತೆ” ಎಂದು ಬಿಸಿಯ ಗುಂಡಿಯನ್ನು ತಿರುಗಿಸಿ ಹೋಗುವರು. ಅವರ ಮಾತು ಯಂತ್ರದ ಆರೋಗ್ಯಕ್ಕೆ ಸರಿ, ಮನೆಯವರ ಆರೋಗ್ಯಕ್ಕೆ ಸರಿಯಲ್ಲ. ಬಿಸಿಯನ್ನು ೬೦ರಲ್ಲಿಯೇ ಇಟ್ಟು, ವರ್ಷಕ್ಕೊಮ್ಮೆ ತೊಟ್ಟಿಯನ್ನು ಬಿಚ್ಚಿಸಿ ಸುಣ್ಣ ತೆಗೆಸುವುದೇ ಉಳಿದ ದಾರಿ.

ಮಧುಗಿರಿ, ಪಾವಗಡ, ಸಿರಾಗಳ ನೀರಿನ ವಿಷಯವೆಂದಾಗ ಫ್ಲೋರೈಡಿನ ಮಾತು ಬಂದೇ ಬರುತ್ತದೆ. ಬಿಸಿ ಅದಕ್ಕೆ ಮದ್ದಲ್ಲ. ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಇಂಗಿದಷ್ಟೂ ಉಳಿದುದರಲ್ಲಿ ಅದರ ಪಾಲು ಏರುತ್ತದೆ. ಕುಡಿಯಲು ಶುದ್ಧನೀರಿನ ಘಟಕದಿಂದ ತರುವವರು ಅದನ್ನು ಬಿಡಬಾರದು. ಇಲ್ಲಿ ಹೇಳುತ್ತಿರುವುದೆಲ್ಲ ಮೀಯುವ ನೀರಿನ ಮಾತು.

ಬೇಸಗೆಯ ರಜೆಗೆಂದು ಹದಿನೈದು ದಿನ ಊರಿಗೆ ಹೋಗಿ ಬಂದವರ ಮನೆಯಲ್ಲಿ ಅಷ್ಟು ದಿನವೂ ಕೊಳವೆಯಲ್ಲಿ ನೀರು ನಿಂತು ಬೆಚ್ಚಗಿರುತ್ತದೆ. ಬಂದೊಡನೆ ಷವರಿನ ಕೆಳಗೆ ನಿಲ್ಲುವುದು ಜಾಣತನವಲ್ಲ. ಗೀಸರನ್ನು ಪೂರ್ತಿ ಕಾಯಿಸಿ, ನಲ್ಲಿಯನ್ನು ತುಂತುರು ಏಳದಂತೆ ಬಕೆಟ್ಟಿನೊಳಕ್ಕೆ ಬಿಟ್ಟು, ಬಿಸಿನೀರು ಕೆಲವು ನಿಮಿಷ ಹರಿದುಹೋಗಲಿ. ಆ ಹೊತ್ತಿನಲ್ಲಿ ಮಕ್ಕಳನ್ನು ದೂರವಿಡಬೇಕು. ನೀರಿಗೆ ಬರವಿರುವ ಊರಿನಲ್ಲಿ ಅದನ್ನು ಚೆಲ್ಲುವುದೇಕೆ, ಆರಿದ ಮೇಲೆ ನೆಲ ಒರೆಸಲು ಬರುತ್ತದೆ. ಉಪಯೋಗಿಸದೆ ಬಿಟ್ಟ ಅತಿಥಿ ಕೋಣೆಯ ಬಚ್ಚಲಿಗೂ ವಾರಕ್ಕೊಮ್ಮೆ ಇದೇ ಉಪಚಾರ ಬೇಕು.

ಕಳೆದ ವರ್ಷ ನೀರು ತುಂಬುವ ಹಬ್ಬಕ್ಕೆ ಎರಡು ದಿನ ಮುಂಚೆ ನಮ್ಮ ಮನೆಯ ಗೀಸರನ್ನು ಬಿಚ್ಚಿಸಿದೆ. ಐದು ವರ್ಷದಿಂದ ಮುಚ್ಚಳ ತೆಗೆದಿರಲಿಲ್ಲ. ಒಳಗಿನಿಂದ ಕಡಲೇಕಾಯಿ ಸಿಪ್ಪೆಯಷ್ಟು ದಪ್ಪದ ಬಿಳಿಯ ಹಕ್ಕಳೆಗಳು ಒಂದು ಬೋಗುಣಿಯಷ್ಟು ಬಂದವು. ಕಾಯಿಸುವ ಕಡ್ಡಿ ಸುಣ್ಣದ ಕಲ್ಲಿನೊಳಗೆ ಹುದುಗಿಹೋಗಿತ್ತು. ನಮ್ಮ ಮನೆಯವರು ಅದನ್ನು ನೋಡಿ, ಅಟ್ಟದ ಮೇಲಿದ್ದ ಹಳೆಯ ಹಂಡೆಯನ್ನೂ ಇಳಿಸಿರೆಂದು ಹೇಳಿ, ಒಂದು ಉಂಡೆ ಹುಣಸೆಹಣ್ಣು ನೆನೆಹಾಕಿದರು.